ಮನೆಯ ವಿಮೆ ಓದುವ ಬಗೆ: ಯಾವ ಹಾನಿಗೆ ಹಣ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ

ಮೇಲಿನಿಂದ ನೀರಿಳಿದು ಹಜಾರದ ಗೋಡೆ ಉಬ್ಬಿದೆ, ಮರದ ಶೋಕೇಸು ಹಾಳಾಗಿದೆ ಎಂದುಕೊಳ್ಳಿ. ತಾರಸಿಯ ಟ್ಯಾಂಕು ಒಡೆದು ನೀರು ಬಂದಿದ್ದರೆ ವಿಮೆಯ ಹಣ ಸಿಗುತ್ತದೆ. ಗಾಳಿಮಳೆಗೆ ತೆಂಗಿನಮರ ಬಿದ್ದು ಛಾವಣಿ ಒಡೆದಿದ್ದರೂ ಸಿಗುತ್ತದೆ. ವರ್ಷಗಟ್ಟಲೆ ವಾಟರ್‌ಪ್ರೂಫಿಂಗ್ ಮಾಡಿಸದೆ, ಆರ್‌ಸಿಸಿಯ ಬಿರುಕಿನಿಂದ ಜಿನುಗಿ ಜಿನುಗಿ ಬಂದಿದ್ದರೆ ಒಂದು ರೂಪಾಯಿಯೂ ಸಿಗುವುದಿಲ್ಲ. ಗೋಡೆ ಅದೇ, ಶೋಕೇಸು ಅದೇ, ರಿಪೇರಿಯ ಖರ್ಚೂ ಅಷ್ಟೇ. ಬೇರೆಯಾಗಿರುವುದು ಕಾರಣ ಮಾತ್ರ.

ನಮ್ಮ ದೇಶದ ಮನೆ ವಿಮೆಯನ್ನು ಅರ್ಥ ಮಾಡಿಕೊಳ್ಳಲು ಇದೊಂದನ್ನು ಹಿಡಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಪಾಲಿಸಿಯಲ್ಲಿ ಕಾರಣಗಳ ಪಟ್ಟಿಯೊಂದು ಇರುತ್ತದೆ. ಹಾನಿ ಆ ಪಟ್ಟಿಯಲ್ಲಿರುವ ಕಾರಣದಿಂದ ಆಗಿರಬೇಕು. ಪಟ್ಟಿಯಲ್ಲಿಲ್ಲದ ಕಾರಣಕ್ಕೆ ಎಷ್ಟೇ ದೊಡ್ಡ ನಷ್ಟವಾದರೂ ಪಾಲಿಸಿ ಕೈ ಹಿಡಿಯುವುದಿಲ್ಲ. ಹಾಗಾಗಿ ಏಜೆಂಟರನ್ನು «ಮನೆಗೆ ಪೂರ್ತಿ ಕವರ್ ಇದೆಯಾ?» ಎಂದು ಕೇಳಬೇಡಿ, ಆ ಪ್ರಶ್ನೆಗೆ ಯಾವಾಗಲೂ «ಇದೆ ಸಾರ್» ಎಂಬ ಉತ್ತರವೇ ಬರುತ್ತದೆ. ಯಾವ ಕಾರಣಕ್ಕೆ, ಯಾವ ವಸ್ತುವಿಗೆ, ಯಾವ ಲೆಕ್ಕದಲ್ಲಿ ಎಂದು ಮೂರು ಪ್ರಶ್ನೆ ಕೇಳಿ.

ಮೂಲ ಪಾಲಿಸಿ: ಭಾರತ್ ಗೃಹ ರಕ್ಷಾ

ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ ಮನೆಗಳಿಗಾಗಿ ಒಂದು ಮಾದರಿ ಪಾಲಿಸಿಯನ್ನು ಕಡ್ಡಾಯಗೊಳಿಸಿತು. ಅದರ ಹೆಸರು ಭಾರತ್ ಗೃಹ ರಕ್ಷಾ. ಬೆಂಕಿ ಮತ್ತಿತರ ಅಪಾಯಗಳ ವಿಮೆ ಮಾಡುವ ಪ್ರತಿ ಕಂಪನಿಯೂ ಇದನ್ನು ಕೊಡಲೇಬೇಕು. ಮೂಲ ಷರತ್ತುಗಳ ಪಠ್ಯ ಎಲ್ಲ ಕಡೆ ಒಂದೇ. ಬದಲಾಗುವುದು ಪ್ರೀಮಿಯಂ, ಹೆಚ್ಚುವರಿ ಕವರ್‌ಗಳು ಮತ್ತು ಕ್ಲೇಮು ಬಂದಾಗ ಕಂಪನಿ ನಡೆದುಕೊಳ್ಳುವ ರೀತಿ. ಆದ್ದರಿಂದ ಕಂಪನಿಗಳನ್ನು ಹೋಲಿಸುವಾಗ ಮೂಲ ಕವರ್‌ನ ಬಣ್ಣನೆ ಓದುತ್ತ ಕೂರದೆ ಈ ಮೂರನ್ನೇ ಹೋಲಿಸಿ.

ಪಟ್ಟಿಯಲ್ಲಿರುವ ಕಾರಣಗಳು ಇವು: ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ ಮತ್ತು ಚಂಡಮಾರುತ, ಪ್ರವಾಹ ಮತ್ತು ನೀರು ನುಗ್ಗುವುದು, ಸುನಾಮಿ, ಭೂಕುಸಿತ, ಬಂಡೆ ಉರುಳುವುದು, ಮನೆ ನಿಂತ ನೆಲವೇ ಕುಸಿಯುವುದು, ಕಾಡ್ಗಿಚ್ಚು, ಹೊರಗಿನ ವಸ್ತು ಬಂದು ಬಡಿಯುವುದು (ಲಾರಿ, ಮರ, ಪಕ್ಕದ ಮನೆಯ ಗೋಡೆ), ಕ್ಷಿಪಣಿ ಪರೀಕ್ಷೆ, ಗಲಭೆ, ಮುಷ್ಕರ, ದುರುದ್ದೇಶದ ಹಾನಿ, ಭಯೋತ್ಪಾದನೆ, ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು ಇಲ್ಲವೆ ಉಕ್ಕುವುದು, ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಸೋರುವುದು. ಕೊನೆಗೆ ಕಳ್ಳತನ. ಆದರೆ ಇದು ಮೇಲಿನ ಯಾವುದಾದರೂ ಘಟನೆಯ ಪರಿಣಾಮವಾಗಿ, ಅದಾದ 7 ದಿನದೊಳಗೆ ನಡೆದ ಕಳ್ಳತನ ಮಾತ್ರ. ನೆರೆಗೆ ಮನೆ ಬಿಟ್ಟು ಹೋದಾಗ ಯಾರೋ ಟಿವಿ ಹೊತ್ತೊಯ್ದರೆ ಸೇರುತ್ತದೆ. ಊರಹಬ್ಬಕ್ಕೆ ಹೋದಾಗ ಬೀಗ ಒಡೆದು ಹೊತ್ತೊಯ್ದರೆ ಸೇರುವುದಿಲ್ಲ. ಅದಕ್ಕೆ ಬೇರೆ ಕವರ್ ಬೇಕು, ಅದರ ಮಾತು ಮುಂದೆ ಬರುತ್ತದೆ.

ಪಟ್ಟಿಯ ಒಳಗಿನ ಮಿತಿಗಳು

ಪ್ರತಿ ಕಾರಣದ ಎದುರಿಗೂ ಪಾಲಿಸಿಯಲ್ಲಿ ಇನ್ನೊಂದು ಕಾಲಂ ಇರುತ್ತದೆ: ಯಾವುದು ಸೇರುವುದಿಲ್ಲ ಎಂಬುದು ಅಲ್ಲಿದೆ. ಹೆಚ್ಚಿನ ಕ್ಲೇಮುಗಳು ಎಡವುವುದು ಈ ಕಾಲಂನಲ್ಲೇ. ಅದರಲ್ಲೂ ಕರ್ನಾಟಕದ ಮನೆಗಳಿಗೆ ಕೆಲವು ನೇರವಾಗಿ ತಟ್ಟುತ್ತವೆ.

ನೆಲ ಕುಸಿಯುವ ಕವರ್ ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಘಟ್ಟದ ಮನೆಗಳಿಗೆ ಬಹಳ ಮುಖ್ಯ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ ಮೇಲೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭೂಕುಸಿತ ಪಟ್ಟಿಯಲ್ಲಿದೆ. ಆದರೆ ಹೊಸ ಕಟ್ಟಡ ಸಹಜವಾಗಿ ಕೂತುಕೊಳ್ಳುವಾಗ ಬಿಡುವ ಬಿರುಕು, ಮಣ್ಣು ತುಂಬಿಸಿ ಮಾಡಿದ ನೆಲ ಸರಿಯುವುದು, ನದಿ ಅಥವಾ ಕಡಲ ಕೊರೆತ, ಕೆಟ್ಟ ವಿನ್ಯಾಸ ಅಥವಾ ಕಳಪೆ ಕಾಮಗಾರಿ, ಕಟ್ಟುವ ಇಲ್ಲವೆ ಕೆಡಹುವ ಕೆಲಸದಿಂದ ಆದ ಹಾನಿ, ಇವು ಹೊರಗೆ. ಗುಡ್ಡದ ಬದಿಯಲ್ಲಿ ಸೈಟು ಮಾಡುವವರು ಮೇಲ್ಭಾಗದ ಮಣ್ಣು ಕಡಿದು ಕೆಳಭಾಗಕ್ಕೆ ತುಂಬಿಸಿ ಸಮತಟ್ಟು ಮಾಡುತ್ತಾರೆ. ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ ನಿಂತಿರುತ್ತದೆ. ಎರಡನೇ ಮಳೆಗಾಲಕ್ಕೆ ತುಂಬಿದ ಬದಿ ಇಳಿದು ಗೋಡೆ ಓರೆಯಾಗಿ ಸೀಳಿದರೆ, ಹಾನಿ ಪರಿಶೀಲಿಸಲು ವಿಮಾ ಕಂಪನಿ ನೇಮಿಸುವ ಸರ್ವೇಯರ್ ಮೊದಲು ನೋಡುವುದು ಅದನ್ನೇ. ಇಂಥ ಮನೆಗೆ ವಿಮೆಗಿಂತ ಮೊದಲು ಬೇಕಾದ್ದು ಸರಿಯಾದ ತಡೆಗೋಡೆ, ಅದರಲ್ಲಿ ನೀರು ಹೊರಹೋಗುವ ತೂತುಗಳು. ಎಂಜಿನಿಯರ್ ಕೊಟ್ಟ ನಕ್ಷೆ ಮತ್ತು ಬಿಲ್ಲುಗಳನ್ನು ಇಟ್ಟುಕೊಂಡರೆ ವಾದಕ್ಕೂ ಆಧಾರವಿರುತ್ತದೆ.

ಉಳ್ಳಾಲ, ಸೋಮೇಶ್ವರದ ಕಡೆ ಕಡಲತಡಿಯಲ್ಲಿ ಮನೆ ಇರುವವರು «ಕಡಲ ಕೊರೆತ ಹೊರಗೆ» ಎಂಬ ಮಾತನ್ನು ಎರಡು ಸಲ ಓದಬೇಕು. ವರ್ಷದಿಂದ ವರ್ಷಕ್ಕೆ ಮರಳು ಸರಿದು ಅಡಿಪಾಯ ತೇಲಿ ನಿಂತರೆ ಪಾಲಿಸಿ ಸುಮ್ಮನಿರುತ್ತದೆ. ಚಂಡಮಾರುತದ ಅಲೆ ಒಂದೇ ರಾತ್ರಿ ಗೋಡೆ ಕೆಡವಿದರೆ ಅದು ಪಟ್ಟಿಯಲ್ಲಿರುವ ಕಾರಣ. ಇವೆರಡನ್ನು ಬೇರ್ಪಡಿಸಿ ತೋರಿಸಲು ಮಳೆಗಾಲಕ್ಕೆ ಮುಂಚೆ ಮನೆಯ ನಾಲ್ಕೂ ಬದಿಯಿಂದ ಅಡಿಪಾಯ ಕಾಣುವಂತೆ ತೆಗೆದ ಫೋಟೋಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ತೆಗೆದಿಡಿ.

ವಿದ್ಯುತ್ತಿನ ವಿಷಯದಲ್ಲೂ ಗೊಂದಲ ಬಹಳ. ಶಾರ್ಟ್ ಸರ್ಕ್ಯೂಟ್ ಆಗಿ, ಅಥವಾ ವೋಲ್ಟೇಜ್ ಏರಿ ಫ್ರಿಜ್‌ನ ಕಂಪ್ರೆಸರ್ ಸುಟ್ಟರೆ ಆ ಫ್ರಿಜ್‌ಗೆ ಪರಿಹಾರವಿಲ್ಲ. ಅದೇ ಫ್ರಿಜ್‌ನಿಂದ ಬೆಂಕಿ ಹಬ್ಬಿ ಅಡುಗೆಮನೆ ಸುಟ್ಟರೆ ಅಡುಗೆಮನೆಗೆ ಪರಿಹಾರವಿದೆ. ಸಿಡಿಲು ನೇರವಾಗಿ ಬಡಿದು ಟಿವಿ, ಇನ್ವರ್ಟರ್, ಬೋರ್‌ವೆಲ್ ಸ್ಟಾರ್ಟರ್ ಸುಟ್ಟರೆ ಅದು ಸಿಡಿಲಿನ ಹಾನಿ. ಆದರೆ ಸಿಡಿಲಿನಿಂದ ತಂತಿಯಲ್ಲಿ ವೋಲ್ಟೇಜ್ ಏರಿ ಸುಟ್ಟರೆ ಕಂಪನಿ ಒಪ್ಪದಿರಬಹುದು, ಹಾಗಾಗಿ ಸಿಡಿಲು ನೇರವಾಗಿ ಬಡಿದದ್ದೇ ಕಾರಣ ಎಂದು ನೀವು ತೋರಿಸಬೇಕು. ಸುಟ್ಟ ಬೋರ್ಡನ್ನು ಎಸೆಯಬೇಡಿ. ಆ ಉಪಕರಣದ ಕಂಪನಿಯ ಸರ್ವಿಸ್ ಸೆಂಟರಿನಿಂದ ಹಾನಿಯ ಕಾರಣ ನಮೂದಿಸಿದ ವರದಿ ಬರೆಸಿಕೊಳ್ಳಿ. ಗೋಡೆಯ ಮೇಲೆ, ಅರ್ಥಿಂಗ್ ತಂತಿಯ ಬಳಿ ಸುಟ್ಟ ಗುರುತಿದ್ದರೆ ಬಣ್ಣ ಬಳಿಯುವ ಮೊದಲು ಫೋಟೋ ತೆಗೆಯಿರಿ.

ಸರ್ಕಾರದ ಆದೇಶದಂತೆ ನಡೆದ ತೆರವು, ವಶಪಡಿಸಿಕೊಳ್ಳುವುದು ಯಾವ ಪಾಲಿಸಿಯಲ್ಲೂ ಸೇರುವುದಿಲ್ಲ. ಬೆಂಗಳೂರಿನಲ್ಲಿ ರಾಜಕಾಲುವೆಯ ಪಕ್ಕ ಮನೆ ಕೊಳ್ಳುವವರು ಇದನ್ನು ನೆನಪಿಡಬೇಕು. ಆ ಮನೆಗೆ ನೀರು ನುಗ್ಗಿದರೆ ವಿಮೆ ಬರಬಹುದು, ಜೆಸಿಬಿ ಬಂದರೆ ಬರುವುದಿಲ್ಲ.

ಇನ್ನು ಬೇಕೆಂದೇ ಮಾಡಿದ ಹಾನಿ, ಯುದ್ಧ, ಅಣು ವಿಕಿರಣ, ಎಲ್ಲಿ ಹೋಯಿತೆಂದೇ ಗೊತ್ತಿಲ್ಲದೆ ಕಾಣೆಯಾದ ವಸ್ತು, ನಗದು, ಚೆಕ್ಕು, ಗಟ್ಟಿ ಚಿನ್ನ, ಹಸ್ತಪ್ರತಿಗಳು ಹೊರಗೆ. ಇವುಗಳ ಬಗ್ಗೆ ವಾದಕ್ಕೆ ಜಾಗವಿಲ್ಲ.

ಕಟ್ಟಡಕ್ಕೆ ಎಷ್ಟು ಮೊತ್ತ ಬರೆಸಬೇಕು

ಎಲ್ಲರೂ ಮಾಡುವ ತಪ್ಪು ಇಲ್ಲಿದೆ. ಜಯನಗರದ 30×40 ಸೈಟಿನ ಮನೆ ಇಂದು ಎರಡು ಕೋಟಿಗೆ ಹೋಗುತ್ತದೆಂದು ಎರಡು ಕೋಟಿಗೆ ವಿಮೆ ಬರೆಸಿದರೆ ಪ್ರೀಮಿಯಂ ದಂಡ. ಸೈಟಿಗೆ ವಿಮೆ ಇಲ್ಲ, ಅದು ಸುಟ್ಟುಹೋಗುವುದಿಲ್ಲ. ಮಾರುಕಟ್ಟೆ ಬೆಲೆ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇಂದು ಅದೇ ಮನೆಯನ್ನು ಮತ್ತೆ ಕಟ್ಟಲು ಎಷ್ಟು ಖರ್ಚಾಗುತ್ತದೋ ಅದೇ ವಿಮಾ ಮೊತ್ತ.

ಭಾರತ್ ಗೃಹ ರಕ್ಷಾದ ಸೂತ್ರ ಸರಳ: ಕಾರ್ಪೆಟ್ ಏರಿಯಾವನ್ನು ಪಾಲಿಸಿ ಶುರುವಾಗುವ ದಿನದ ನಿರ್ಮಾಣ ದರದಿಂದ ಗುಣಿಸಿ. ಕಾರ್ಪೆಟ್ ಏರಿಯಾ ಎಂದರೆ ಒಳಗೆ ಬಳಸುವ ನೆಲ. ಹೊರಗೋಡೆಗಳು ಅದರಲ್ಲಿ ಸೇರುವುದಿಲ್ಲ, ಒಳಗಿನ ಅಡ್ಡಗೋಡೆಗಳು ಸೇರುತ್ತವೆ. ಬಾಲ್ಕನಿ, ವರಾಂಡ, ಪಾರ್ಕಿಂಗ್ ಜಾಗದ 25%ರಷ್ಟನ್ನು ಮಾತ್ರ ಹಿಡಿಯಲಾಗುತ್ತದೆ. ಕಾಂಪೌಂಡು, ಗೇಟು, ಸಂಪು, ತಾರಸಿ ಮೇಲಿನ ಸೋಲಾರ್ ಪ್ಯಾನೆಲ್, ಸೆಪ್ಟಿಕ್ ಟ್ಯಾಂಕ್, ತಡೆಗೋಡೆ, ಔಟ್‌ಹೌಸ್ ಇವೆಲ್ಲ ಕಟ್ಟಡದ ಭಾಗವೇ. ಆದರೆ ಅವುಗಳ ಇಂದಿನ ನಿರ್ಮಾಣ ವೆಚ್ಚವನ್ನು ಬೇರೆಯಾಗಿ ಕೂಡಿಸಬೇಕು. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ನೆರೆ ಬಂದಾಗ ಮೊದಲು ಬೀಳುವುದು ಕಾಂಪೌಂಡು ಎಂಬುದನ್ನು ಮರೆಯಬಾರದು.

ಒಂದು ಲೆಕ್ಕ ನೋಡೋಣ. ಕಾರ್ಪೆಟ್ ಏರಿಯಾ 1,200 ಚದರಡಿ. ನಿಮ್ಮ ಊರಿನ ಕಂಟ್ರಾಕ್ಟರು ಚದರಡಿಗೆ 2,200 ರೂಪಾಯಿ ಹೇಳುತ್ತಾರೆ ಎಂದಿಟ್ಟುಕೊಳ್ಳಿ. 1,200ನ್ನು 2,200ರಿಂದ ಗುಣಿಸಿದರೆ 26,40,000. ಕಾಂಪೌಂಡು ಮತ್ತು ಗೇಟಿಗೆ 2,00,000, ಸೋಲಾರಿಗೆ 1,60,000 ಕೂಡಿಸಿ. ಒಟ್ಟು 30,00,000. ಇದು ವಿಮಾ ಮೊತ್ತ. ಒಂದು ಎಚ್ಚರಿಕೆ: ಕಂಟ್ರಾಕ್ಟರುಗಳು ದರ ಹೇಳುವುದು ಸಾಮಾನ್ಯವಾಗಿ ಬಿಲ್ಟ್‌ಅಪ್ ಏರಿಯಾಕ್ಕೆ. ಅದೇ ದರವನ್ನು ಕಾರ್ಪೆಟ್ ಏರಿಯಾಕ್ಕೆ ಹಾಕಿದರೆ ಹೊರಗೋಡೆಗಳ ಖರ್ಚು ಲೆಕ್ಕದಿಂದ ಬಿಟ್ಟುಹೋಗುತ್ತದೆ. ಪೂರ್ತಿ ಮನೆ ಕಟ್ಟುವ ಒಟ್ಟು ಅಂದಾಜು ಕೇಳಿ, ಅದನ್ನು ಕಾರ್ಪೆಟ್ ಏರಿಯಾದಿಂದ ಭಾಗಿಸಿ ಬರುವ ದರವನ್ನು ಬಳಸಿ. ತೇಗದ ಬಾಗಿಲು, ಗ್ರಾನೈಟು, ಮಾಡ್ಯುಲರ್ ಕಿಚನ್ ಇದ್ದರೆ ಅಂದಾಜಿನಲ್ಲಿ ಅವೂ ಇರಲಿ.

ಹತ್ತು ವರ್ಷದವರೆಗಿನ ದೀರ್ಘಾವಧಿ ಪಾಲಿಸಿಯೂ ಸಿಗುತ್ತದೆ. ಅದರಲ್ಲಿ ಕಟ್ಟಡದ ವಿಮಾ ಮೊತ್ತ ವರ್ಷಕ್ಕೆ 10%ರಂತೆ ತಾನಾಗಿಯೇ ಏರುತ್ತ ಹೋಗುತ್ತದೆ, ಇದಕ್ಕೆ ಹೆಚ್ಚಿನ ಪ್ರೀಮಿಯಂ ಇಲ್ಲ. ಮೂಲ ಮೊತ್ತದ ಇಮ್ಮಡಿಯವರೆಗೆ ಏರಬಹುದು. ಸಿಮೆಂಟು, ಕೂಲಿ ಏರುವ ವೇಗ ನೋಡಿದರೆ ಇದು ನಿಜವಾಗಿ ಉಪಯೋಗಕ್ಕೆ ಬರುವ ಸೌಲಭ್ಯ. ಆದರೆ ಮೊದಲ ದಿನ ಬರೆಸಿದ ಅಂಕಿಯೇ ತಪ್ಪಾಗಿದ್ದರೆ ಹತ್ತು ವರ್ಷವೂ ಆ ತಪ್ಪಿನ ಮೇಲೇ ಏರುತ್ತದೆ.

ಕಡಿಮೆ ಮೊತ್ತ ಬರೆಸಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಪದ್ಧತಿ ಕಠಿಣವಾಗಿತ್ತು. 40 ಲಕ್ಷದ ಕಟ್ಟಡಕ್ಕೆ 20 ಲಕ್ಷ ಬರೆಸಿದ್ದು, 8 ಲಕ್ಷದ ಹಾನಿಯಾದರೆ ಕೈಗೆ ಬರುತ್ತಿದ್ದುದು 4 ಲಕ್ಷ. ಅರ್ಧ ವಿಮೆ, ಅರ್ಧ ಪರಿಹಾರ. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತವನ್ನು ಪೂರ್ತಿ ತೆಗೆದಿದ್ದಾರೆ. ಹಾಗೆಂದು ಕಡಿಮೆ ಬರೆಸಬಹುದು ಎಂದಲ್ಲ, ಮನೆ ಪೂರ್ತಿ ಹೋದರೆ ಬರೆಸಿದ ಮೊತ್ತಕ್ಕಿಂತ ಹೆಚ್ಚು ಬರುವುದಿಲ್ಲ. ಅಂಗಡಿ, ಗೋದಾಮುಗಳ ಪಾಲಿಸಿಯಲ್ಲಿ ಈ ಕಡಿತ ಇನ್ನೂ ಇದೆ, 15%ರವರೆಗಿನ ಕೊರತೆಗೆ ಮಾತ್ರ ವಿನಾಯಿತಿ.

ಕಟ್ಟಡದ ಕವರ್ ಜೊತೆಗೇ ಇನ್ನೂ ಕೆಲವು ಖರ್ಚು ಬರುತ್ತವೆ: ಅವಶೇಷ ತೆರವಿಗೆ ಕ್ಲೇಮಿನ 2%, ಎಂಜಿನಿಯರ್ ಮತ್ತು ಆರ್ಕಿಟೆಕ್ಟ್ ಶುಲ್ಕಕ್ಕೆ 5%ರವರೆಗೆ. ಮನೆ ವಾಸಕ್ಕೆ ಯೋಗ್ಯವಾಗಿಲ್ಲದಿದ್ದರೆ ರಿಪೇರಿ ಮುಗಿಯುವವರೆಗೆ ಬೇರೆ ಕಡೆ ಇರಲು ಬಾಡಿಗೆ, ಇಲ್ಲವೆ ನೀವು ಬಾಡಿಗೆಗೆ ಕೊಟ್ಟಿದ್ದರೆ ತಪ್ಪಿಹೋದ ಬಾಡಿಗೆ, ಹೆಚ್ಚೆಂದರೆ 3 ವರ್ಷದವರೆಗೆ. ಈ ಬಾಡಿಗೆಯನ್ನು ಕೇಳಬಹುದೆಂದೇ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಕ್ಲೇಮು ಫಾರಂನಲ್ಲಿ ನೀವಾಗಿಯೇ ಬರೆಯಿರಿ.

ಮನೆಯೊಳಗಿನ ಸಾಮಾನು

ಕಟ್ಟಡಕ್ಕೆ ವಿಮೆ ಮಾಡಿಸಿದರೆ ಸಾಮಾನ್ಯ ಗೃಹೋಪಯೋಗಿ ವಸ್ತುಗಳಿಗೆ ಕಟ್ಟಡದ ಮೊತ್ತದ 20%, ಗರಿಷ್ಠ 10 ಲಕ್ಷದವರೆಗೆ ತಾನಾಗಿಯೇ ಕವರ್ ಸಿಗುತ್ತದೆ. ಪಟ್ಟಿ ಕೊಡಬೇಕಿಲ್ಲ. ಮೇಲಿನ 30 ಲಕ್ಷದ ಮನೆಗೆ ಇದು 6 ಲಕ್ಷ. ಹಾಸಿಗೆ, ಬೀರು, ಸೋಫಾ, ಫ್ರಿಜ್, ವಾಷಿಂಗ್ ಮಷೀನ್, ಬಟ್ಟೆ, ಪಾತ್ರೆ ಎಲ್ಲ ಸೇರಿ ಇದಕ್ಕಿಂತ ಹೆಚ್ಚಾಗುವುದಾದರೆ ಪಟ್ಟಿ ಕೊಟ್ಟು ಹೆಚ್ಚು ಬರೆಸಿ. ಒಂದೊಂದು ಕೋಣೆಗೂ ಹೋಗಿ ಬೀರು ತೆರೆದು ಮೊಬೈಲಿನಲ್ಲಿ ವಿಡಿಯೋ ಮಾಡಿ, ದೊಡ್ಡ ಉಪಕರಣಗಳ ಸೀರಿಯಲ್ ನಂಬರ್ ಕಾಣುವಂತೆ ತೋರಿಸಿ, ಅದನ್ನು ಮನೆಯ ಹೊರಗೆ ಉಳಿಯುವಂತೆ ಇಮೇಲಿನಲ್ಲೋ ಕ್ಲೌಡಿನಲ್ಲೋ ಇಡಿ. ಬಿಲ್ಲುಗಳ ಫೈಲು ಬೀರುವಿನಲ್ಲಿದ್ದರೆ ಬೀರುವಿನ ಜೊತೆಗೇ ಹೋಗುತ್ತದೆ.

ಮಾರಲು ಇಟ್ಟ ಸರಕು ಗೃಹೋಪಯೋಗಿ ವಸ್ತುವಲ್ಲ. ಅಟ್ಟದಲ್ಲಿ ಒಣಗಿಸಿಟ್ಟ ಅಡಿಕೆ, ಗೋಣಿಯಲ್ಲಿ ಕಟ್ಟಿಟ್ಟ ಕಾಫಿ, ಮೆಣಸು ಮನೆಯ ಬೆಲೆಗೆ ಸಮ ಇರಬಹುದು. ಆದರೂ ಮನೆ ವಿಮೆಯಲ್ಲಿ ಅದಕ್ಕೆ ಜಾಗವಿಲ್ಲ, ದಾಸ್ತಾನಿನ ಪಾಲಿಸಿ ಬೇರೆ ಬೇಕು. ವಾಹನಗಳೂ ಅಷ್ಟೆ. ನೆಲಮಾಳಿಗೆಗೆ ನೀರು ನುಗ್ಗಿ ಕಾರು ಮುಳುಗಿದರೆ ಅದು ಕಾರಿನ ವಿಮೆಯ ವಿಷಯ. ಆ ಸಮಯದಲ್ಲಿ ಕಾರನ್ನು ಸ್ಟಾರ್ಟ್ ಮಾಡಲು ಹೋಗಬೇಡಿ, ಎಂಜಿನ್ನಿಗೆ ನೀರೆಳೆದು ಆಗುವ ಹಾನಿಯ ಬಗ್ಗೆ ಜಗಳ ಬರುತ್ತದೆ.

ಒಡವೆ, ಬೆಳ್ಳಿ, ಹಳೆಯ ಕಲಾಕೃತಿಗಳಿಗೆ ಐಚ್ಛಿಕ ಕವರ್ ಪ್ರತ್ಯೇಕವಾಗಿ ತೆಗೆದುಕೊಳ್ಳಬೇಕು. ಮೊದಲೇ ಒಪ್ಪಿಕೊಂಡ ಬೆಲೆಯ ಮೇಲೆ ಇದು ನಡೆಯುತ್ತದೆ. ಒಟ್ಟು ಮೊತ್ತ 5 ಲಕ್ಷದೊಳಗಿದ್ದು ಯಾವ ಒಂದು ವಸ್ತುವೂ 1 ಲಕ್ಷ ಮೀರದಿದ್ದರೆ ಮೌಲ್ಯಮಾಪಕರ ಪ್ರಮಾಣಪತ್ರ ಬೇಡ. ಅದಕ್ಕಿಂತ ಹೆಚ್ಚಿದ್ದರೆ ಬೇಕು. ಇಂದಿನ ಚಿನ್ನದ ಬೆಲೆಗೆ ಒಂದು ಸಾಧಾರಣ ಸರವೇ 1 ಲಕ್ಷ ದಾಟುವುದರಿಂದ ಪ್ರಮಾಣಪತ್ರ ಬೇಕೆಂದೇ ತಿಳಿದು ಹೋಗಿ. ಈ ಐಚ್ಛಿಕ ಕವರ್ ಕೂಡ ಮೇಲಿನ ಕಾರಣಗಳ ಪಟ್ಟಿಗೇ ಕಟ್ಟುಬಿದ್ದದ್ದು. ಬೀಗ ಒಡೆದು ಕದ್ದರೆ ಇದರಿಂದ ಬರುವುದಿಲ್ಲ.

ಲಾಕರಿನಲ್ಲಿದೆ, ಚಿಂತೆಯಿಲ್ಲ ಎನ್ನುವವರಿಗೆ ಒಂದು ಮಾತು. 2022ರ ಜನವರಿ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆಯಾದಾಗ ಬ್ಯಾಂಕಿನ ಹೊಣೆ ವಾರ್ಷಿಕ ಲಾಕರ್ ಬಾಡಿಗೆಯ 100 ಪಟ್ಟು. 3,000 ರೂಪಾಯಿ ಬಾಡಿಗೆಗೆ 3 ಲಕ್ಷ. ಒಳಗೆ 30 ಲಕ್ಷದ ಒಡವೆ ಇದ್ದರೂ ಅಷ್ಟೇ. ಭೂಕಂಪ, ಪ್ರವಾಹದಂಥ ಪ್ರಕೃತಿ ವಿಕೋಪಕ್ಕೆ ಬ್ಯಾಂಕು ಹೊಣೆಯಲ್ಲ.

ಕಳ್ಳತನದ ಕವರ್ ಮತ್ತು ಪ್ಯಾಕೇಜ್ ಪಾಲಿಸಿಗಳು

ಬರ್ಗ್ಲರಿ, ಅಂದರೆ ಕನ್ನಗಳವಿನ ಕವರನ್ನು ಬೇರೆಯಾಗಿ, ಇಲ್ಲವೆ ಹೌಸ್‌ಹೋಲ್ಡರ್ ಪ್ಯಾಕೇಜಿನ ಒಂದು ವಿಭಾಗವಾಗಿ ಕೊಳ್ಳಬಹುದು. ಇದರಲ್ಲಿ ಒಂದು ಪದ ಎಲ್ಲವನ್ನೂ ನಿರ್ಧರಿಸುತ್ತದೆ: ಬಲಪ್ರಯೋಗ. ಬೀಗ, ಕಿಟಕಿ, ಬಾಗಿಲು ಒಡೆದ ಗುರುತು, ಅಥವಾ ಮನೆಯವರ ಮೇಲೆ ಹಲ್ಲೆ, ಬೆದರಿಕೆ ಇರಬೇಕು. ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಮತ್ತು ಹರ್‌ಚಂದ್ ರಾಯ್ ಚಂದನ್ ಲಾಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ್ದೂ ಇದನ್ನೇ: ಪಾಲಿಸಿಯಲ್ಲಿ ಬಲಪ್ರಯೋಗ ಬೇಕೆಂದು ಬರೆದಿದ್ದರೆ ಬಲಪ್ರಯೋಗವಿಲ್ಲದ ಕಳ್ಳತನ ಅದರಲ್ಲಿ ಸೇರುವುದಿಲ್ಲ. ತೆರೆದ ಬಾಗಿಲಿನಿಂದ ಬಂದು ಕದ್ದರೆ, ನಕಲಿ ಕೀಲಿಯಿಂದ ತೆಗೆದರೆ, ಮನೆಗೆಲಸದವರು ಒಯ್ದರೆ ಕ್ಲೇಮು ನಿಲ್ಲುವುದು ಕಷ್ಟ. ಸಾಧಾರಣ ಕಳ್ಳತನವನ್ನೂ ಸೇರಿಸುವ ವಿಸ್ತರಣೆ ಕೆಲವು ಕಂಪನಿಗಳಲ್ಲಿದೆ. ಕೇಳಿ, ಮತ್ತು ಅದು ಷೆಡ್ಯೂಲಿನಲ್ಲಿ, ಅಂದರೆ ಪಾಲಿಸಿಯ ವಿವರಪಟ್ಟಿಯಲ್ಲಿ, ಅಚ್ಚಾಗಿದೆಯೇ ನೋಡಿ. ಬಾಯಿಮಾತಿಗೆ ಬೆಲೆಯಿಲ್ಲ.

ಪ್ಯಾಕೇಜಿನಲ್ಲಿ ಇನ್ನೂ ಹಲವು ವಿಭಾಗಗಳಿರುತ್ತವೆ. ಮೈಮೇಲೆ ಧರಿಸಿ ಮದುವೆಗೆ ಒಯ್ಯುವ ಒಡವೆಗೆ ಆಲ್ ರಿಸ್ಕ್ ವಿಭಾಗ ಬೇಕು, ಅದು ಮನೆಯ ಹೊರಗೂ ನಡೆಯುತ್ತದೆ. ಉಪಕರಣಗಳು ತಾವಾಗಿ ಕೆಟ್ಟರೆ ಬ್ರೇಕ್‌ಡೌನ್ ವಿಭಾಗ. ನಿಮ್ಮ ಮನೆಯಿಂದ ಬೇರೆಯವರಿಗೆ ಹಾನಿಯಾದರೆ, ಅಂದರೆ ನಿಮ್ಮ ಬಾತ್‌ರೂಮಿನ ಪೈಪು ಒಡೆದು ಕೆಳಗಿನ ಫ್ಲಾಟಿನ ಫಾಲ್ಸ್ ಸೀಲಿಂಗ್ ಬಿದ್ದರೆ, ಸಾರ್ವಜನಿಕ ಹೊಣೆಗಾರಿಕೆಯ ವಿಭಾಗ. ಫ್ಲಾಟಿನಲ್ಲಿರುವವರು ಕೊನೆಯದನ್ನು ಬಿಡಬಾರದು ಎಂಬುದು ನಮ್ಮ ಅಭಿಪ್ರಾಯ. ಸೈಕಲ್, ಲಗೇಜು ಮುಂತಾದವನ್ನು ಬಿಟ್ಟರೆ ನಷ್ಟವಿಲ್ಲ.

ಯಾರು ಏನು ಮಾಡಿಸಬೇಕು

ಬಾಡಿಗೆದಾರರು ಸಾಮಾನಿಗೆ ಮಾತ್ರ ಪಾಲಿಸಿ ಮಾಡಿಸಬಹುದು. ಮಾಲೀಕರ ಪಾಲಿಸಿ ನಿಮ್ಮ ಟಿವಿಯನ್ನು ಕಾಯುವುದಿಲ್ಲ. ಮನೆ ಬಾಡಿಗೆಗೆ ಕೊಟ್ಟವರು ಕಟ್ಟಡಕ್ಕೆ ಮಾಡಿಸಿ.

ಅಪಾರ್ಟ್‌ಮೆಂಟಿನಲ್ಲಿ ಮೊದಲು ಅಸೋಸಿಯೇಷನ್ನಿನ ಪಾಲಿಸಿಯ ಪ್ರತಿ ಕೇಳಿ. ಅದು ಇಡೀ ಕಟ್ಟಡಕ್ಕಿದೆಯೋ, ಲಿಫ್ಟು, ಜನರೇಟರ್, ಟ್ರಾನ್ಸ್‌ಫಾರ್ಮರ್, ಪಂಪುಗಳಂಥ ಸಾಮಾನ್ಯ ಸೌಕರ್ಯಗಳಿಗೆ ಮಾತ್ರವೋ ನೋಡಿ. ಇಡೀ ಕಟ್ಟಡಕ್ಕಿದ್ದರೂ ನೀವು ಆಮೇಲೆ ಹಾಕಿಸಿದ ವಾರ್ಡ್‌ರೋಬು, ಕಿಚನ್ನು, ನೆಲಹಾಸು ಅದರ ಲೆಕ್ಕದಲ್ಲಿ ಇರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಬೆಳ್ಳಂದೂರಿನ ಕಡೆ ನೀರು ನಿಂತಾಗ ನೆಲಮಾಳಿಗೆಯ ಪಂಪು, ವಿದ್ಯುತ್ ಪ್ಯಾನೆಲ್ಲುಗಳ ಬೆಲೆ ಎಷ್ಟೆಂಬುದು ಅಲ್ಲಿಯ ನಿವಾಸಿಗಳಿಗೆ ಗೊತ್ತಾಯಿತು.

ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಕಟ್ಟಡ ನಮ್ಮ ಪ್ರತಿ ಪೇಟೆಬೀದಿಯಲ್ಲಿದೆ. ಮೇಲಿನದಕ್ಕೆ ಗೃಹ ರಕ್ಷಾ, ಕೆಳಗಿನದಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಎರಡನೆಯದು ಒಟ್ಟು ಆಸ್ತಿಮೌಲ್ಯ 5 ಕೋಟಿಯವರೆಗಿನ ವ್ಯಾಪಾರಕ್ಕೆ. 5ರಿಂದ 50 ಕೋಟಿಯವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ಇಡೀ ಕಟ್ಟಡವನ್ನು «ವಾಸದ ಮನೆ» ಎಂದು ಬರೆಸಿ ಪ್ರೀಮಿಯಂ ಉಳಿಸಲು ಹೋದರೆ ಅಂಗಡಿಯಿಂದ ಹೊತ್ತಿದ ಬೆಂಕಿಗೆ ಮನೆಯ ಕ್ಲೇಮೂ ತಿರಸ್ಕಾರವಾಗಬಹುದು. ಇನ್ನೂ ಕಟ್ಟುತ್ತಿರುವ ಮನೆಗೆ ಗೃಹ ರಕ್ಷಾ ಅಲ್ಲ, ಕಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ ಬೇಕು.

ಗೃಹಸಾಲ ಪಡೆದವರು ಬ್ಯಾಂಕಿನಲ್ಲಿ «ಇನ್ಶೂರೆನ್ಸ್ ಕಟ್» ಆಗಿದೆ ಎಂದು ನಿಶ್ಚಿಂತರಾಗಿರುತ್ತಾರೆ. ಆ ಕಾಗದ ತೆಗೆದು ನೋಡಿ. ಬಹಳ ಸಲ ಅದು ಸಾಲಗಾರರು ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆ. ಮನೆ ಸುಟ್ಟರೆ ಅದರಿಂದ ಏನೂ ಬರುವುದಿಲ್ಲ. ನಿಜವಾದ ಆಸ್ತಿ ವಿಮೆಯೇ ಆಗಿದ್ದರೂ ಮೊತ್ತ ಉಳಿದ ಸಾಲದಷ್ಟೇ ಇರಬಹುದು. ಬ್ಯಾಂಕಿನ ಹೆಸರು ಪಾಲಿಸಿಯಲ್ಲಿದ್ದರೆ ಪರಿಹಾರ ಮೊದಲು ಬ್ಯಾಂಕಿಗೆ ಹೋಗುತ್ತದೆ ಎಂಬುದೂ ಗೊತ್ತಿರಲಿ.

ಮನೆ ಬಿದ್ದರೆ ಸರ್ಕಾರ ಕೊಡುತ್ತದಲ್ಲ ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. 2022ರಿಂದ 2026ರ ಅವಧಿಗೆ ಕೇಂದ್ರದ ವಿಪತ್ತು ಪರಿಹಾರ ಮಾನದಂಡದಲ್ಲಿ ಪೂರ್ತಿ ಬಿದ್ದ ಪಕ್ಕಾ ಮನೆಗೆ ನಿಗದಿಯಾದದ್ದು ಬಯಲು ಪ್ರದೇಶದಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000. ರಾಜ್ಯ ಸರ್ಕಾರ ಕೆಲವೊಮ್ಮೆ ಹೆಚ್ಚು ಕೊಟ್ಟಿದೆ, ಆದರೆ ಅದನ್ನು ನಂಬಿ ಮನೆ ಕಟ್ಟಲಾಗದು.

ಅರ್ಜಿ ತುಂಬುವಾಗ

ಪ್ರಸ್ತಾವನೆ ಅರ್ಜಿಯನ್ನು ಏಜೆಂಟರಿಗೆ ಬಿಡದೆ ನೀವೇ ಓದಿ ಸಹಿ ಮಾಡಿ. ಗೋಡೆ, ಛಾವಣಿ ಯಾವುದರಿಂದ ಆಗಿದೆ ಎಂದು ಇದ್ದ ಹಾಗೇ ಬರೆಯಿರಿ. ಹುಲ್ಲು, ಸೋಗೆ, ಬಿದಿರು, ಹಲಗೆ, ಟಾರ್ಪಾಲಿನ ಗೋಡೆ ಅಥವಾ ಛಾವಣಿ ಇದ್ದರೆ ಅದನ್ನು ಕಚ್ಚಾ ಕಟ್ಟಡ ಎಂದು ಪರಿಗಣಿಸುತ್ತಾರೆ, ಮುಚ್ಚಿಟ್ಟರೆ ಕ್ಲೇಮಿನಲ್ಲಿ ಹೊರಬರುತ್ತದೆ. ಮೇಲೊಂದು ಮಹಡಿ ಎತ್ತಿ ಕಾರ್ಪೆಟ್ ಏರಿಯಾ 10%ಕ್ಕಿಂತ ಹೆಚ್ಚಾದರೆ ಪ್ರೀಮಿಯಂ ಕಟ್ಟಿ ಪಾಲಿಸಿಗೆ ತಿದ್ದುಪಡಿ, ಅಂದರೆ ಎಂಡಾರ್ಸ್‌ಮೆಂಟ್ ಹಾಕಿಸಬೇಕು, ಇಲ್ಲದಿದ್ದರೆ ಹೊಸ ಭಾಗಕ್ಕೆ ಕವರ್ ಇಲ್ಲ. ಊರಿನ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಿರುವವರು, ವಿದೇಶದಲ್ಲಿರುವವರು ಅದನ್ನು ಇಮೇಲಿನಲ್ಲಿ ತಿಳಿಸಿ ಒಪ್ಪಿಗೆ ಪಡೆದಿಡಿ. ಷೆಡ್ಯೂಲಿನಲ್ಲಿ ವಿಳಾಸ, ಮಾಲೀಕರೆಲ್ಲರ ಹೆಸರು, ಎಕ್ಸೆಸ್ ಅಂದರೆ ಪ್ರತಿ ಕ್ಲೇಮಿನಲ್ಲಿ ನೀವೇ ಹೊರಬೇಕಾದ ಮೊತ್ತ, ಇವನ್ನು ಬಂದ ದಿನವೇ ಪರೀಕ್ಷಿಸಿ. ಪ್ರೀಮಿಯಂ ಮೇಲೆ 18% ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರಿನಲ್ಲಿ ತೆಗೆದದ್ದು ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ತೆರಿಗೆಯನ್ನು, ಇದರದ್ದಲ್ಲ.

ಹಾನಿಯಾದ ಮೇಲೆ

ಮೊದಲು ಜೀವ, ಆಮೇಲೆ ಫೋಟೋ. ಮೇನ್ ಸ್ವಿಚ್ ಆಫ್ ಮಾಡಿ, ಗ್ಯಾಸ್ ಮುಚ್ಚಿ, ನೀರಿನ ಮಟ್ಟ ಗೋಡೆಯಲ್ಲಿ ಎಲ್ಲಿಯವರೆಗೆ ಬಂದಿದೆ ಎಂದು ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ಟೇಪು ಹಿಡಿದು ಫೋಟೋ ತೆಗೆಯಿರಿ. ಹಾನಿ ಹೆಚ್ಚಾಗದಂತೆ ಟಾರ್ಪಾಲು ಹೊದಿಸುವುದು, ನೀರು ಹೊರಹಾಕುವುದು ನಿಮ್ಮ ಕರ್ತವ್ಯವೇ. ಆದರೆ ಹಾಳಾದ ವಸ್ತುಗಳನ್ನು ಸರ್ವೇಯರ್ ನೋಡುವವರೆಗೆ ಗುಜರಿಗೆ ಹಾಕಬೇಡಿ. ಕೊಳೆತು ನಾರುವ ಹಾಸಿಗೆಯಂಥದ್ದನ್ನು ಇಡಲಾಗದಿದ್ದರೆ ಫೋಟೋ ತೆಗೆದು, ಕಂಪನಿಗೆ ಇಮೇಲ್ ಮಾಡಿ ಎಸೆಯಿರಿ.

ಅದೇ ದಿನ ಕಂಪನಿಗೆ ತಿಳಿಸಿ ಕ್ಲೇಮು ನಂಬರ್ ಪಡೆಯಿರಿ. ಏಜೆಂಟರಿಗೆ ಫೋನು ಮಾಡಿದ್ದು ಕಂಪನಿಗೆ ತಿಳಿಸಿದಂತಲ್ಲ. ಬೆಂಕಿಗೆ ಅಗ್ನಿಶಾಮಕ ಠಾಣೆಯ ವರದಿ, ಕಳವಿಗೆ ಎಫ್‌ಐಆರ್, ನೆರೆ, ಕುಸಿತಕ್ಕೆ ಗ್ರಾಮ ಆಡಳಿತಾಧಿಕಾರಿಯ ಮಹಜರು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆ ದಿನದ ಮಳೆಯ ಅಂಕಿ ಕಾರಣವನ್ನು ಸ್ಥಾಪಿಸುವ ಒಳ್ಳೆಯ ದಾಖಲೆ. ಕ್ಲೇಮು ಫಾರಂ 30 ದಿನದೊಳಗೆ ಕೊಡಿ. ಜೊತೆಗೆ ಕ್ರಯಪತ್ರ, ಖಾತೆ, ಕಂದಾಯ ರಸೀದಿ, ಎಂಜಿನಿಯರ್ ಸಹಿಯ ರಿಪೇರಿ ಅಂದಾಜು ಇರಲಿ. ಅಂದಾಜಿನಲ್ಲಿ «ಸಿವಿಲ್ ಕೆಲಸ 4 ಲಕ್ಷ» ಎಂದು ಒಂದೇ ಸಾಲು ಬರೆದರೆ ಕಡಿತ ಖಚಿತ. ಎಷ್ಟು ಚದರಡಿ ಪ್ಲಾಸ್ಟರು, ಎಷ್ಟು ಟೈಲ್ಸು, ದರವೆಷ್ಟು ಎಂದು ಬಿಡಿಸಿ ಬರೆಸಿ.

2024ರ ಸೆಪ್ಟೆಂಬರಿನ ಐಆರ್‌ಡಿಎಐ ಸುತ್ತೋಲೆಯಂತೆ ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, ನೇಮಕವಾದ 15 ದಿನದೊಳಗೆ ವರದಿ, ವರದಿ ಬಂದ 7 ದಿನದೊಳಗೆ ಕಂಪನಿಯ ತೀರ್ಮಾನ. ಈ ದಿನಗಳನ್ನು ಬರೆದಿಟ್ಟುಕೊಂಡು, ಮೀರಿದಾಗ ಇಮೇಲಿನಲ್ಲಿ ನೆನಪಿಸಿ. ಸರ್ವೇಯರ್ ಬಂದಾಗ ಜೊತೆಗೇ ನಡೆದು ಪ್ರತಿಯೊಂದನ್ನೂ ತೋರಿಸಿ. ಕಾರಣವನ್ನು ನೀವು ಹೇಗೆ ಹೇಳುತ್ತೀರಿ ಎಂಬುದು ವರದಿಗೆ ಹೋಗುತ್ತದೆ. ಬಿರುಗಾಳಿಗೆ ಹೆಂಚು ಹಾರಿದ ಮನೆಯಲ್ಲಿ ನಿಂತು «ಮೊದಲಿನಿಂದಲೂ ಸ್ವಲ್ಪ ಸೋರುತ್ತಿತ್ತು» ಎಂದು ಮಾತಿಗೆ ಹೇಳಿದರೆ ಅದೇ ಬರೆಯಲ್ಪಡುತ್ತದೆ. ನಿಜವಾಗಿ ಸೋರುತ್ತಿದ್ದರೆ ಮುಚ್ಚಿಡಬೇಡಿ. ಯಾವ ಕೋಣೆ ಮೊದಲು ಸೋರುತ್ತಿತ್ತು, ಯಾವುದು ಈ ಗಾಳಿಯಿಂದಲೇ ಹಾಳಾಯಿತು ಎಂದು ಬೇರೆ ಬೇರೆಯಾಗಿ ಹೇಳಿ. ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ.

ಕಡಿಮೆ ಕೊಟ್ಟರೆ, ತಿರಸ್ಕರಿಸಿದರೆ ಕಾರಣವನ್ನು ಷರತ್ತಿನ ಸಂಖ್ಯೆಯೊಂದಿಗೆ ಲಿಖಿತವಾಗಿ ಕೇಳಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲಿನಲ್ಲೂ, 155255 ನಂಬರಿನಲ್ಲೂ ದೂರು ದಾಖಲಿಸಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. 50 ಲಕ್ಷ ರೂಪಾಯಿವರೆಗಿನ ವೈಯಕ್ತಿಕ ವಿಮೆಯ ವಿವಾದಗಳನ್ನು ಅಲ್ಲಿ ಕೇಳುತ್ತಾರೆ. ಶುಲ್ಕವಿಲ್ಲ, ವಕೀಲರು ಬೇಡ, ತೀರ್ಪನ್ನು ಕಂಪನಿ ಪಾಲಿಸಲೇಬೇಕು. ನಿಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗದ ದಾರಿ ಆಮೇಲೂ ತೆರೆದೇ ಇರುತ್ತದೆ. ಆದ್ದರಿಂದ «ಇದೇ ಪೂರ್ಣ ಮತ್ತು ಅಂತಿಮ ಪರಿಹಾರ» ಎಂದು ಬರೆದ ಡಿಸ್ಚಾರ್ಜ್ ವೋಚರಿಗೆ ಸಹಿ ಹಾಕುವ ಮುನ್ನ, ಮೊತ್ತಕ್ಕೆ ಒಪ್ಪಿಗೆ ಇಲ್ಲದಿದ್ದರೆ, ಆಕ್ಷೇಪವಿದೆ ಎಂದು ಇಮೇಲಿನಲ್ಲಿ ಸ್ಪಷ್ಟವಾಗಿ ಬರೆದು ಕಳುಹಿಸಿ.